10 ಸಾವಿರಕ್ಕೆ ಹಳೆ ಗ್ರಾಫಿಕ್ಸ್ ಕಾರ್ಡ್: ಆರ್‌ಎಕ್ಸ್ 580, 1660 ಸೂಪರ್, ಇಲ್ಲಾ ಕಾದು 6600 ತಗೊಳ್ಳಲಾ?

ತುಂಗೆಯಾಚೆ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಗ್ರಾಫಿಕ್ಸ್ ಕಾರ್ಡ್ ಹುಡುಕುತ್ತಿದ್ದೇನೆ. ಹೊಸದು ಕೊಳ್ಳುವಷ್ಟು ದುಡ್ಡಿಲ್ಲ. ಕೈಯಲ್ಲಿರುವುದು 10,000 ರೂಪಾಯಿ. ಈ ಸಲ ಅಡಿಕೆ ಸುಲಿಯುವುದಕ್ಕೆ, ಬೇಯಿಸುವುದಕ್ಕೆ, ಒಣಗಿಸುವುದಕ್ಕೆ ನಾನೂ ಪೂರ್ತಿ ನಿಂತಿದ್ದೆ. ಅದಕ್ಕೆ ಅಪ್ಪ ಕೊಟ್ಟ ದುಡ್ಡು ಇದು. ತಪ್ಪು ಕಾರ್ಡ್ ತಂದರೆ ಇನ್ನೊಂದು ಸುಗ್ಗಿ ಕಾಯಬೇಕು.

ನನ್ನ ಪಿಸಿ ಐ5-10400, ಎಚ್410 ಬೋರ್ಡ್, 16 ಜಿಬಿ ರ‍್ಯಾಮ್, 1080ಪಿ ಮಾನಿಟರ್. ಪವರ್ ಸಪ್ಲೈ ಕ್ಯಾಬಿನೆಟ್ ಜೊತೆಗೇ ಬಂದದ್ದು, ಮೇಲೆ 500 ವ್ಯಾಟ್ ಅಂತ ಬರೆದಿದೆ. ಆಡುವುದು ವ್ಯಾಲರಂಟ್, ಜಿಟಿಎ 5, ಕ್ರಿಕೆಟ್ 24. ರೆಡ್ ಡೆಡ್ ರಿಡೆಂಪ್ಶನ್ 2 ಒಂದು ಸಲವಾದರೂ ಮುಗಿಸಬೇಕು ಅಂತ ತುಂಬಾ ಆಸೆ ಇದೆ.

ಈಗ ಕಣ್ಣಿಗೆ ಬಿದ್ದಿರುವುದು ಮೂರು. ಬೆಂಗಳೂರಿನ ಒಬ್ಬರ ಹತ್ತಿರ ಆರ್‌ಎಕ್ಸ್ 580 8 ಜಿಬಿ, 5,500ಕ್ಕೆ, ಕೊರಿಯರ್ ಮಾಡುತ್ತಾರಂತೆ. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಕೊನೆ ವರ್ಷದ ಹುಡುಗನ ಹತ್ತಿರ ಜಿಟಿಎಕ್ಸ್ 1660 ಸೂಪರ್, 8,500ಕ್ಕೆ. ಹಾಸ್ಟೆಲ್ ಖಾಲಿ ಮಾಡುತ್ತಿದ್ದಾನೆ. ಮೂರನೆಯದು ಆರ್‌ಎಕ್ಸ್ 6600, 13,000 ಹೇಳುತ್ತಿದ್ದಾರೆ. ಅದೂ ಬೆಂಗಳೂರಲ್ಲೇ.

580ರಲ್ಲಿ 8 ಜಿಬಿ ಇದೆ, ಬೆಲೆಯೂ ಕಮ್ಮಿ. ಮನಸ್ಸು ಅದರ ಕಡೆಗೇ ಎಳೆಯುತ್ತಿದೆ. ಬಲ್ಲವರು ಹೇಳಿ.

ಉಕ್ಕಿನೂರು, ಭದ್ರಾವತಿ

6600 ಬಿಡಬೇಡಿ. ಇನ್ನೊಂದೆರಡು ತಿಂಗಳು ಕಾದು 3,000 ಕೂಡಿಸಿಕೊಳ್ಳಿ. ನಾನು ಬಳಸುತ್ತಿರುವುದೂ ಅದೇ. 8 ಜಿಬಿ ಇದೆ. 132 ವ್ಯಾಟ್ ಅಷ್ಟೇ ಕೇಳುತ್ತದೆ. ಮಾಮೂಲಿ ಆಟಗಳಲ್ಲಿ ಆರ್‌ಟಿಎಕ್ಸ್ 3060ಕ್ಕೆ ಹತ್ತಿರ ಹತ್ತಿರ ನಿಲ್ಲುತ್ತದೆ. ನಿಮ್ಮ ಎಚ್410 ಬೋರ್ಡಿನಲ್ಲಿ ಕಾರ್ಡ್ ಕೂರುವ ಪಿಸಿಐಇ ಸ್ಲಾಟ್ ಹಳೇ 3.0 ತರದ್ದು. ಈ ಕಾರ್ಡಿಗೆ ಮಾಹಿತಿ ಸಾಗುವ ದಾರಿ, ಅಂದರೆ ಲೇನ್, ಎಂಟೇ. ಸ್ವಲ್ಪ ವೇಗ ಕಮ್ಮಿಯಾಗುತ್ತದೆ, ಆದರೆ ಆಡುವಾಗ ಗೊತ್ತಾಗುವಷ್ಟಲ್ಲ.

ಇನ್ನೊಂದು ಮಾತು. 1660 ಸೂಪರ್‌ನಲ್ಲಿ ರೇ ಟ್ರೇಸಿಂಗ್, ಅಂದರೆ ಬೆಳಕು ನೆರಳನ್ನು ನಿಜದಂತೆ ಲೆಕ್ಕ ಹಾಕುವ ಹಾರ್ಡ್‌ವೇರ್ ಇಲ್ಲ. 2024ರ ಕೊನೆಗೆ ಬಂದ ಇಂಡಿಯಾನಾ ಜೋನ್ಸ್ ಆಟ, 2025ರ ಡೂಮ್ ದ ಡಾರ್ಕ್ ಏಜಸ್, ಎರಡಕ್ಕೂ ಅದು ಬೇಕೇ ಬೇಕು. ಇಂಥ ಆಟಗಳು ಇನ್ನು ಜಾಸ್ತಿಯೇ ಆಗುತ್ತವೆ.

ಹಳೇ ಸ್ಕ್ರೂಡ್ರೈವರ್, ಸಾಗರ

ಮೂರೂ ಕಾರ್ಡ್ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಆ ಪವರ್ ಸಪ್ಲೈ ವಿಷಯ ಮೊದಲು ಮುಗಿಸೋಣ. ಕ್ಯಾಬಿನೆಟ್‌ನ ಪಕ್ಕದ ಮುಚ್ಚಳ ತೆಗೆಯಿರಿ. ಪವರ್ ಸಪ್ಲೈ ಮೇಲಿನ ಚೀಟಿಯಲ್ಲಿ +12 ವೋಲ್ಟ್ ಅಂತ ಇರುತ್ತದೆ. ಅದರ ಎದುರು ಎಷ್ಟು ಆಂಪಿಯರ್ ಬರೆದಿದೆ ನೋಡಿ ಹೇಳಿ. ಪ್ರೊಸೆಸರಿಗೂ ಕಾರ್ಡಿಗೂ ಊಟ ಬರುವುದು ಆ ಒಂದು ಲೈನಿನಿಂದ. ದೊಡ್ಡಕ್ಷರದ 500 ನೋಡಬೇಡಿ.

ತುಂಗೆಯಾಚೆ, ತೀರ್ಥಹಳ್ಳಿ

ನೋಡಿದೆ ಸಾರ್. 16 ಆಂಪಿಯರ್ ಅಂತ ಇದೆ. ಮತ್ತೆ ಕಾರ್ಡಿಗೆ ಕರೆಂಟ್ ಕೊಡುವ ಆರು ಪಿನ್, ಎಂಟು ಪಿನ್ ಕೇಬಲ್ ಯಾವುದೂ ಇಲ್ಲ. 580 ಮಾರುವವರು ಮೊಲೆಕ್ಸ್ ಅನ್ನುವ ಹಳೇ ನಾಲ್ಕು ಪಿನ್ ಕನೆಕ್ಟರಿನಿಂದ ಎಂಟು ಪಿನ್ ಮಾಡುವ ಕನ್ವರ್ಟರ್ ಫ್ರೀ ಕೊಡುತ್ತೇನೆ ಅಂದಿದ್ದಾರೆ.

ಹಳೇ ಸ್ಕ್ರೂಡ್ರೈವರ್, ಸಾಗರ

ಆ ಫ್ರೀ ಕನ್ವರ್ಟರ್ ದಯವಿಟ್ಟು ತಗೊಳ್ಳಬೇಡಿ.

ಲೆಕ್ಕ ನೋಡಿ. 12 ಗುಣಿಸು 16, ಅಂದರೆ 192 ವ್ಯಾಟ್. ನಿಮ್ಮ 500 ವ್ಯಾಟ್ ಪೆಟ್ಟಿಗೆ ನಿಜವಾಗಿ ಕೊಡಬಲ್ಲದ್ದು ಅಷ್ಟೇ. ಅದೂ ಚೀಟಿ ನಿಜ ಹೇಳಿದ್ದರೆ. 10400 ಮೇಲೆ 65 ವ್ಯಾಟ್ ಅಂತ ಇದ್ದರೂ ಜೋರಾಗಿ ಓಡುವ ಟರ್ಬೋ ಹೊತ್ತಿನಲ್ಲಿ 134ರವರೆಗೆ ಎಳೆಯಬಹುದು. ಆರ್‌ಎಕ್ಸ್ 580 ಒಂದೇ 185 ವ್ಯಾಟ್ ಕೇಳುತ್ತದೆ. ಎರಡೂ ಒಟ್ಟಿಗೆ ದುಡಿಯುವಾಗ ಈ ಪೆಟ್ಟಿಗೆ ಏನು ಮಾಡೀತು? ಒಂದು ದಿನ ಆಟದ ಮಧ್ಯೆ ಪಟ್ ಅಂತ ಆಫ್ ಆಗುತ್ತದೆ. ಅದು ಪುಣ್ಯ ಅನ್ನಬೇಕು. ಆಫ್ ಆಗದೆ ವೋಲ್ಟೇಜ್ ಏರುಪೇರು ಮಾಡುತ್ತಾ ಕೂತರೆ ಬೋರ್ಡು, ಕಾರ್ಡು ಎರಡನ್ನೂ ಕರೆದುಕೊಂಡು ಹೋಗುತ್ತದೆ.

ಮದರ್‌ಬೋರ್ಡಿನ ಸ್ಲಾಟ್ ಕೊಡುವುದು 75 ವ್ಯಾಟ್. ಆರು ಪಿನ್ ಕೇಬಲ್ ಇನ್ನೊಂದು 75. ಎಂಟು ಪಿನ್ ಆದರೆ 150. ಆ 150ನ್ನು ಮೊಲೆಕ್ಸ್‌ನ ಸಣ್ಣ ತಂತಿಯಿಂದ ಎಳೆಸಿದರೆ ತಂತಿ ಬಿಸಿಯಾಗುತ್ತದೆ. ಹಾಗೆ ಓಡಿಸಿ ಕನೆಕ್ಟರ್ ಕರಗಿದ ಮಷಿನ್‌ಗಳು ನನ್ನ ಟೇಬಲ್ಲಿಗೆ ಬಂದಿವೆ. ಒಂದರಲ್ಲಿ ಪ್ಲಾಸ್ಟಿಕ್ ಕಾರ್ಡಿಗೇ ಅಂಟಿಕೊಂಡಿತ್ತು, ಕತ್ತರಿಸಿ ತೆಗೆಯಬೇಕಾಯಿತು.

ನನ್ನ ಸಲಹೆ ಇದು. 10,000ದಲ್ಲಿ ಮೊದಲ 3,000 ಪವರ್ ಸಪ್ಲೈಗೆ ತೆಗೆದಿಡಿ. ಅದು ಹೊಸದೇ ಆಗಿರಲಿ, ಬಿಲ್ ಇರಲಿ. ಒಳ್ಳೆ ಕಂಪನಿಯ 450 ವ್ಯಾಟ್ ಸಾಕು. 80 ಪ್ಲಸ್ ಬ್ರಾಂಜ್ ಅಂತ ಗುರುತು ನೋಡಿ. ಆದರೆ ಅದು ಕರೆಂಟ್ ಎಷ್ಟು ಉಳಿಸುತ್ತದೆ ಅನ್ನುವ ಲೆಕ್ಕ, ಗಟ್ಟಿತನದ ಲೆಕ್ಕ ಅಲ್ಲ. ವಾರಂಟಿ ಎಷ್ಟು ವರ್ಷ ಅಂತ ಕೂಡ ಕೇಳಿ. ಕಾರ್ಡ್ ಹಳೆಯದಾದರೆ ನಡೆಯುತ್ತದೆ. ಪವರ್ ಸಪ್ಲೈ ಹಳೆಯದು ಬೇಡ.

ತುಂಗೆಯಾಚೆ, ತೀರ್ಥಹಳ್ಳಿ

ಹಾಗಾದರೆ ಕಾರ್ಡಿಗೆ 7,000 ಮಾತ್ರ ಉಳಿಯುತ್ತದೆ. ಸ್ವಲ್ಪ ಬೇಜಾರಾಯಿತು, ಆದರೆ ಲೆಕ್ಕ ಅರ್ಥವಾಯಿತು. ಪವರ್ ಸಪ್ಲೈ ಬದಲಿಸದೆ ಹಾಕುವಂಥ ಕಾರ್ಡ್ ಏನಾದರೂ ಇದೆಯಾ?

ಹಳೇ ಸ್ಕ್ರೂಡ್ರೈವರ್, ಸಾಗರ

ಇದೆ. ಕೇಬಲ್ ಬೇಡದೆ ಸ್ಲಾಟಿನ 75 ವ್ಯಾಟ್‌ನಲ್ಲೇ ಓಡುವವು. ಜಿಟಿಎಕ್ಸ್ 1050 ಟಿಐ, ಜಿಟಿಎಕ್ಸ್ 1650ಯ ಕೆಲವು ಮಾಡೆಲ್, 2024ರಲ್ಲಿ ಬಂದ ಆರ್‌ಟಿಎಕ್ಸ್ 3050 6 ಜಿಬಿ. ಕೊನೆಯದು 70 ವ್ಯಾಟ್. ಅದು ಹಳೆಯದಾಗಿ 7,000ಕ್ಕೆ ಸಿಗುವುದು ಕಷ್ಟ. 1050 ಟಿಐ 2016ರದ್ದು, ಪ್ಯಾಸ್ಕಲ್ ಕಾಲದ ಚಿಪ್. ಆ ಚಿಪ್‌ಗಳಿಗೆ ಹೊಸ ಆಟಗಳ ಡ್ರೈವರ್, ಅಂದರೆ ಕಾರ್ಡ್ ನಡೆಸುವ ಸಾಫ್ಟ್‌ವೇರ್, ಕೊಡುವುದನ್ನು ಅವುಗಳ ಕಂಪನಿ ಎನ್ವಿಡಿಯಾ 2025ರ ಅಕ್ಟೋಬರಿಗೆ ನಿಲ್ಲಿಸಿದೆ. ಭದ್ರತೆಯ ಅಪ್‌ಡೇಟ್ ಮಾತ್ರ 2028ರ ಅಕ್ಟೋಬರ್ ತನಕ ಬರುತ್ತದೆ. 1060, 1070 ಅಂತ ಯಾರಾದರೂ ಅಗ್ಗಕ್ಕೆ ಕೊಡುತ್ತೇನೆ ಅಂದರೂ ಇದೇ ಮಾತು. 1650 ಮತ್ತು 1660 ಅದಕ್ಕಿಂತ ಹೊಸ ಟ್ಯೂರಿಂಗ್ ಚಿಪ್, ಅವಕ್ಕೆ ಡ್ರೈವರ್ ಬರುತ್ತಿದೆ.

1650 ತಗೊಂಡರೆ ನಿಮ್ಮ ವ್ಯಾಲರಂಟ್, ಜಿಟಿಎ 5 ಆರಾಮಾಗಿ ಓಡುತ್ತವೆ. ಆದರೆ 4 ಜಿಬಿ. ಈಗಿನ ಆಟಗಳಲ್ಲಿ ಗೋಡೆ, ಮರ, ನೆಲ ಎಲ್ಲಾ ಮಸುಕು ಮಸುಕಾಗಿ ಕಾಣುತ್ತದೆ. ರೆಡ್ ಡೆಡ್ ಆಡುವ ಆಸೆ ಇರುವವರಿಗೆ ನಾನು ಹೇಳಲಾರೆ.

ಕಾಫಿಗಿಡ, ಕೊಪ್ಪ

580 ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಆದರೆ ಓದಿ. ಇದನ್ನು ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಮೂರು ವಾರ ನಿದ್ದೆ ಕೆಡುತ್ತಿರಲಿಲ್ಲ.

ನಾನು ತರಿಸಿದ್ದೂ ಹೀಗೆಯೇ, ಫೋಟೋ ನೋಡಿ, ಕೊರಿಯರಿನಲ್ಲಿ. ನಮ್ಮ ಊರಿಗೆ ಕೊರಿಯರ್ ಬರುವುದಿಲ್ಲ. ಪೇಟೆಗೆ ಹೋಗಿ ಬಿಡಿಸಿಕೊಂಡು ಬಂದೆ. ಹಾಕಿದರೆ ಚಿತ್ರ ಬಂತು. 580 ಚಿಪ್‌ನ ಕಂಪನಿ ಎಎಂಡಿಯ ಡ್ರೈವರ್ ಹಾಕಿದ ಕೂಡಲೇ ಸ್ಕ್ರೀನ್ ಕಪ್ಪು. ತೆಗೆದು ಹಾಕಿ, ತೆಗೆದು ಹಾಕಿ ಸಾಕಾಯಿತು. ವಿಂಡೋಸ್ ಹೊಸದಾಗಿ ಹಾಕಿದೆ. ಆಗಲೂ ಅದೇ.

ಕೊನೆಗೆ ಗೊತ್ತಾದದ್ದು, ಅದು ಮೈನಿಂಗ್ ಕಾರ್ಡ್, ಅಂದರೆ ಕ್ರಿಪ್ಟೋ ನಾಣ್ಯ ಗಳಿಸಲು ಓಡಿಸಿದ್ದು. ಮೈನಿಂಗ್ ಮಾಡುವವರು ಮೆಮೊರಿ ಜೋರಾಗಿ ಓಡಲಿ ಅಂತ ಕಾರ್ಡಿನ ಬಯಾಸ್, ಅಂದರೆ ಅದರೊಳಗೇ ಇರುವ ಮೂಲ ಸಾಫ್ಟ್‌ವೇರ್, ತಿದ್ದುತ್ತಿದ್ದರು. ತಿದ್ದಿದ ಬಯಾಸ್ ಇದ್ದರೆ ಮಾಮೂಲಿ ಡ್ರೈವರ್ ಒಪ್ಪುವುದಿಲ್ಲ. ಗೊತ್ತಿರುವ ಒಬ್ಬರು ಮೂಲ ಬಯಾಸ್ ಹಾಕಿಕೊಟ್ಟ ಮೇಲೆ ಸರಿಯಾಯಿತು. ಆಮೇಲೆ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್ ತೆರೆದು ನೋಡಿದರೆ ಇನ್ನೊಂದು ಸಂಗತಿ. 580ಯಲ್ಲಿ ಚಿತ್ರದ ಲೆಕ್ಕ ಮಾಡುವ ಸಣ್ಣ ಘಟಕ, ಅಂದರೆ ಶೇಡರ್, 2304 ಇರಬೇಕು. ನನ್ನದರಲ್ಲಿ 2048. ಚೀನಾ ಮಾರುಕಟ್ಟೆಗೆ ಅಂತ 2018ರಲ್ಲಿ ಬಂದ 580 2048ಎಸ್‌ಪಿ ಅದು. ಹೆಸರು 580, ಒಳಗೆ 570. ಮಾರಿದವರನ್ನು ಕೇಳಿದರೆ ಫೋನ್ ಎತ್ತಲಿಲ್ಲ.

ಮೈನಿಂಗ್ ಕಾರ್ಡ್ ಎಲ್ಲಾ ಕೆಟ್ಟವು ಅಂತ ನಾನು ಹೇಳುವುದಿಲ್ಲ. ನನ್ನದು ಇವತ್ತಿಗೂ ಓಡುತ್ತಿದೆ. ಒಂದೇ ಸಮನೆ ಬಿಸಿಯಾಗಿರುವುದು ಚಿಪ್‌ಗೆ ಅಷ್ಟು ಪೆಟ್ಟಲ್ಲ. ಫ್ಯಾನ್ ಸವೆಯುತ್ತದೆ, ಚಿಪ್‌ನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಪೇಸ್ಟ್ ಒಣಗುತ್ತದೆ, ಅದೇ ಕೆಲಸದ ಥರ್ಮಲ್ ಪ್ಯಾಡ್ ಎಣ್ಣೆ ಬಿಡುತ್ತದೆ. ಅವನ್ನು ಬದಲಿಸಬಹುದು. 2022ರ ಸೆಪ್ಟೆಂಬರ್ 15ಕ್ಕೆ ಇಥೀರಿಯಂ ಅನ್ನುವ ಕ್ರಿಪ್ಟೋ ನಾಣ್ಯದಲ್ಲಿ ಕಾರ್ಡುಗಳಿಂದ ಮೈನಿಂಗ್ ಮಾಡುವುದೇ ನಿಂತುಹೋಯಿತು. ಆಮೇಲೆ ರಾಶಿ ರಾಶಿ ಕಾರ್ಡು ಮಾರುಕಟ್ಟೆಗೆ ಬಿದ್ದವು. ಬಿಲ್ ಇಲ್ಲದ 8 ಜಿಬಿ 580 ಅಂದರೆ ಹೆಚ್ಚಿನಂಶ ಅಲ್ಲಿಂದ ಬಂದದ್ದು ಅಂತಲೇ ಅಂದುಕೊಳ್ಳಿ. ಮಾರುವವರು ಹೌದು ಅಂತ ಒಪ್ಪಿಕೊಂಡರೆ ನನಗೇನೂ ಬೇಸರವಿಲ್ಲ. ಗೇಮಿಂಗ್ ಮಾತ್ರ ಮಾಡಿದ್ದು ಅಂತ ಸುಳ್ಳು ಹೇಳುವವರ ಹತ್ತಿರ ತಗೊಳ್ಳಬೇಡಿ. ಒಂದು ಸುಳ್ಳು ಹೇಳಿದವರು ಇನ್ನೆಷ್ಟು ಮುಚ್ಚಿಟ್ಟಿರುತ್ತಾರೋ.

ಇನ್ನೂ ಒಂದು. 580ಗೆ ಎಎಂಡಿ ಈಗ ಬೇರೆ ಡ್ರೈವರ್ ಕೊಡುತ್ತದೆ. 2023ರಿಂದ ಹಾಗೆ. ಅಪ್‌ಡೇಟ್ ಬರುವುದು ಅಪರೂಪ.

ತುಂಗೆಯಾಚೆ, ತೀರ್ಥಹಳ್ಳಿ

ಜಿಪಿಯು-ಝಡ್ ಫೋಟೋ ಕಳಿಸಿ ಅಂತ ಕೇಳಿದೆ. ಎರಡು ದಿನ ಆಯಿತು, ಉತ್ತರ ಇಲ್ಲ. 580 ಬಿಟ್ಟೆ.

ಮಳೆಕಾಡು, ಹೊಸನಗರ

ಬೆಂಗಳೂರಿನವರು ಮಾಡುವ ವಿಡಿಯೋಗಳಲ್ಲಿ ಫ್ರೇಮ್ ಎಷ್ಟು, ಬೆಲೆ ಎಷ್ಟು ಅಷ್ಟೇ ಇರುತ್ತದೆ. ನಮ್ಮ ಕಡೆಯ ಮನೆಗೆ ಅದು ಸಾಲದು. ಇಲ್ಲಿ ಕಾರ್ಡನ್ನು ಕೊಲ್ಲುವುದು ಥಂಡಿ ಮತ್ತೆ ಕರೆಂಟು.

ಥಂಡಿ ಅಂದರೆ ಬರೀ ನೀರಲ್ಲ. ಹೀಟ್‌ಸಿಂಕಿನ ತೆಳು ತಗಡುಗಳ, ಅಂದರೆ ಫಿನ್‌ಗಳ ಮಧ್ಯೆ ಧೂಳು ಕೂತಿರುತ್ತದೆ. ಆರಿದ್ರಾ, ಪುನರ್ವಸು ಮಳೆ ಹಿಡಿದರೆ ಮನೆಯೊಳಗಿನ ಬಟ್ಟೆಯೇ ಒಣಗುವುದಿಲ್ಲ. ಆ ಧೂಳು ಪಸೆ ಹೀರಿ ಅಂಟಾಗುತ್ತದೆ. ಅದರ ಮೇಲೆ ಕರೆಂಟ್ ಹರಿದರೆ ಶಾರ್ಟ್ ಆಗುವ ಸಾಧ್ಯತೆ ಇದೆ. ನಮ್ಮಲ್ಲಿ ಬಚ್ಚಲ ಒಲೆಯ ಹೊಗೆ ಬೇರೆ. ಆ ಕರಿ ಜಿಡ್ಡು ಸೇರಿದರೆ ಬ್ರಶ್‌ಗೂ ಬರುವುದಿಲ್ಲ. ನಾನು ಪಿಸಿಯನ್ನು ಬಚ್ಚಲ ಕಡೆಯ ಕೋಣೆಯಿಂದ ಮಹಡಿಗೆ ಸಾಗಿಸಿದ್ದು ಇದಕ್ಕೇ.

ಮಳೆಗಾಲದಲ್ಲಿ ಪಿಸಿಗೆ ಪ್ಲಾಸ್ಟಿಕ್ ಕವರ್ ಹಾಕಿ ಮುಚ್ಚಿಡುವವರಿದ್ದಾರೆ. ಹಾಗೆ ಮಾಡಬೇಡಿ. ಒಳಗಿನ ಪಸೆ ಒಳಗೇ ಉಳಿಯುತ್ತದೆ. ದಿನಕ್ಕೆ ಒಂದು ಗಂಟೆಯಾದರೂ ಓಡಿಸಿ. ಅದರ ಬಿಸಿಗೇ ಒಣಗುತ್ತದೆ. ಊರಿಗೆ ಹೋಗಿ ಹದಿನೈದು ದಿನ ಬಿಟ್ಟಿದ್ದರೆ, ಬಂದ ಕೂಡಲೇ ಸ್ವಿಚ್ ಹಾಕಬೇಡಿ. ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಹಿಡಿಯಿರಿ. ಒಳಗೆ ಇರುವೆ ಗೂಡು ಕಟ್ಟಿದೆಯಾ, ಹಲ್ಲಿ ಮೊಟ್ಟೆ ಇಟ್ಟಿದೆಯಾ ನೋಡಿ. ಎರಡನ್ನೂ ನಾನು ಕಂಡಿದ್ದೇನೆ.

ಹಳೆ ಕಾರ್ಡ್ ತಗೊಳ್ಳುವಾಗಲೂ ಇದನ್ನೇ ನೋಡಬೇಕು. ಕರಾವಳಿಯಲ್ಲಿದ್ದ ಕಾರ್ಡ್ ಆದರೆ ಪೋರ್ಟ್ ಇರುವ ತಗಡು, ಸ್ಕ್ರೂ ತಲೆ ತುಕ್ಕು ಹಿಡಿದಿರುತ್ತದೆ. ಮಲೆನಾಡಿನದ್ದಾದರೆ ಬೋರ್ಡಿನ ಮೇಲೆ ಬಿಳಿ ಬೂಷ್ಟು. ಟಾರ್ಚ್ ಹಿಡಿದು ಹಿಂದೆ ಮುಂದೆ ನೋಡಿ.

ಕರೆಂಟ್ ವಿಷಯ. ಭರಣಿ, ಕೃತ್ತಿಕೆ ಮಳೆಯ ಗುಡುಗು ಸಿಡಿಲು ನಿಮಗೇ ಗೊತ್ತು. ಪ್ಲಗ್ ಕಿತ್ತರೆ ಸಾಲದು, ರೂಟರಿನಿಂದ ಬರುವ ಲ್ಯಾನ್ ತಂತಿಯನ್ನೂ ಕೀಳಬೇಕು. ಸಿಡಿಲು ರೂಟರಿನ ಅಡಾಪ್ಟರ್ ಹಿಡಿದು ಆ ತಂತಿಯಲ್ಲೂ ಬರುತ್ತದೆ. ನನ್ನ ಮೊದಲ ಬೋರ್ಡ್ ಹೋದದ್ದು ಹಾಗೆ. ಪ್ಲಗ್ ಕಿತ್ತಿದ್ದೆ, ಲ್ಯಾನ್ ಮರೆತಿದ್ದೆ.

ಉಕ್ಕಿನೂರು, ಭದ್ರಾವತಿ

ಯುಪಿಎಸ್ ಬಗ್ಗೆಯೂ ಹೇಳಿ ಸಾರ್. ನಮ್ಮ ಮನೆಯ 600 ವಿಎ ಯುಪಿಎಸ್ 6600 ಹಾಕಿದ ಮೇಲೆ ಆಟದ ಮಧ್ಯೆ ಕರೆಂಟ್ ಹೋದರೆ ಕೀ ಅಂತ ಕೂಗಿ ಆಫ್ ಆಗುತ್ತದೆ.

ಮಳೆಕಾಡು, ಹೊಸನಗರ

600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್. ಮಾನಿಟರ್, ಪ್ರೊಸೆಸರ್, ಕಾರ್ಡ್ ಎಲ್ಲಾ ಸೇರಿ ಒಮ್ಮೆಲೇ ಜಾಸ್ತಿ ಎಳೆದರೆ ತಡೆಯುವುದಿಲ್ಲ. ಬ್ಯಾಟರಿ ಹಳತಾಗಿದ್ದರೆ ಇನ್ನೂ ಕಷ್ಟ. ಮಾನಿಟರನ್ನು ಬೇರೆ ಪ್ಲಗ್‌ಗೆ ಹಾಕಿ ನೋಡಿ. ಕಾರ್ಡಿನ ಪವರ್ ಲಿಮಿಟ್ ಸ್ವಲ್ಪ ಇಳಿಸಿದರೂ ಆಗುತ್ತದೆ. ಹತ್ತು ಪರ್ಸೆಂಟ್ ಇಳಿಸಿದರೆ ಆಟದಲ್ಲಿ ವ್ಯತ್ಯಾಸ ಅಷ್ಟೇನೂ ಗೊತ್ತಾಗುವುದಿಲ್ಲ.

ಹೊಸಬ, ಸೊರಬ

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನಗೆ ಜಿಟಿಎಕ್ಸ್ 1050 ಟಿಐ ಹೊಸ ಪೆಟ್ಟಿಗೆಯಲ್ಲಿ 3,500ಕ್ಕೆ ಸಿಗುತ್ತಿದೆ. ನನ್ನ ಮಾನಿಟರಿಗೆ ಹಳೇ ತರದ ವಿಜಿಎ ಪೋರ್ಟ್ ಮಾತ್ರ ಇರುವುದು. ಈ ಕಾರ್ಡಿನಲ್ಲಿ ವಿಜಿಎ ಪೋರ್ಟ್ ಕೂಡ ಇದೆ. ತಗೊಳ್ಳಬಹುದಾ?

ಹಳೇ ಸ್ಕ್ರೂಡ್ರೈವರ್, ಸಾಗರ

ಬೇಡ. ಆ ವಿಜಿಎ ಪೋರ್ಟೇ ಅನುಮಾನದ ಗುರುತು. 1000 ಸರಣಿಯ ಚಿಪ್‌ಗಳಿಂದ ಎನ್ವಿಡಿಯಾ ಹಳೇ ಅನಲಾಗ್ ಸಿಗ್ನಲ್ ತೆಗೆದುಬಿಟ್ಟಿತು. ಜಿಟಿಎಸ್ 450, ಜಿಟಿಎಕ್ಸ್ 550 ಟಿಐ ತರದ 2010-11ರ ಕಾರ್ಡುಗಳಿಗೆ ಬಯಾಸ್ ಬದಲಿಸಿ 1050 ಟಿಐ ಅಂತ ಹೆಸರು ಬರೆದು ಮಾರುವುದು ತುಂಬಾ ಹಳೆಯ ಮೋಸ. ವಿಂಡೋಸ್ ಕೂಡ 1050 ಟಿಐ ಅಂತಲೇ ತೋರಿಸುತ್ತದೆ. ಜಿಪಿಯು-ಝಡ್ ಮಾತ್ರ ಹೆಸರಿನ ಮುಂದೆ ಫೇಕ್ ಅಂತ ಬರೆದು ಹಿಡಿದುಕೊಡುತ್ತದೆ.

ಇನ್ನೊಂದು ಕಾರ್ಡ್ ಬಗ್ಗೆಯೂ ಜಾಗ್ರತೆ. ಪಿ106-100 ಅಂತ ಇದೆ. ಮೈನಿಂಗ್‌ಗೆಂದೇ ಮಾಡಿದ್ದು, 1060ಕ್ಕೆ ಸಮ. ಅದಕ್ಕೆ ಮಾನಿಟರ್ ಪೋರ್ಟೇ ಇಲ್ಲ. 1060 6 ಜಿಬಿ ಅಂತ ಹೇಳಿ ಅಗ್ಗಕ್ಕೆ ಕೊಡುತ್ತಾರೆ.

ನಿಮ್ಮ ಮಾನಿಟರಿಗೆ ಎಚ್‌ಡಿಎಂಐಯಿಂದ ವಿಜಿಎ ಮಾಡುವ ಆಕ್ಟಿವ್ ಕನ್ವರ್ಟರ್ ಹಾಕಿದರೆ ಸಾಕು.

ಸವಳಂಗ ರಸ್ತೆ, ಶಿವಮೊಗ್ಗ

1660 ಸೂಪರ್ ನೋಡಲು ಬರುವುದಾದರೆ ನಾನು ಜೊತೆಗೆ ಬರುತ್ತೇನೆ. ಪವರ್ ಸಪ್ಲೈ ಇಲ್ಲೇ ತಗೊಳ್ಳಬಹುದು, ದುರ್ಗಿಗುಡಿ ಕಡೆ ಒಂದು ಸುತ್ತು ಹಾಕಿದರೆ ಸಿಗುತ್ತದೆ. ಹುಡುಗನಿಗೆ ಮೊದಲೇ ಹೇಳಿ, ಅರ್ಧ ಗಂಟೆ ಓಡಿಸಿ ನೋಡಬೇಕು ಅಂತ. ಒಪ್ಪದಿದ್ದರೆ ಬಸ್ ಹತ್ತಬೇಡಿ.

ಅರ್ಧ ಗಂಟೆ ಯಾಕೆ ಅಂದರೆ, ಸತ್ತ ಕಾರ್ಡನ್ನು ಬಿಸಿಗಾಳಿ ಹಿಡಿದು ಎಬ್ಬಿಸಿ ಮಾರುವವರಿದ್ದಾರೆ. ಬೆಸುಗೆ ತಾತ್ಕಾಲಿಕವಾಗಿ ಕೂತಿರುತ್ತದೆ. ಐದು ನಿಮಿಷ ಚೆನ್ನಾಗಿಯೇ ಓಡುತ್ತದೆ. ಪೂರ್ತಿ ಬಿಸಿಯಾದ ಮೇಲೆ ಚುಕ್ಕಿ, ಗೆರೆ, ಬಣ್ಣದ ಚೌಕ ಬರಲು ಶುರು. ನಾನು ಮೊದಲು ಕಾರ್ಡ್ ಪರೀಕ್ಷಿಸುವ ಹೆವನ್ ಬೆಂಚ್‌ಮಾರ್ಕ್ ಹದಿನೈದು ನಿಮಿಷ ಬಿಡುತ್ತೇನೆ, ಆಮೇಲೆ ಒಂದು ನಿಜವಾದ ಆಟ. ಕಾರ್ಡನ್ನು ಅತಿ ಬಿಸಿ ಮಾಡಿ ಪರೀಕ್ಷಿಸುವ ಫರ್‌ಮಾರ್ಕ್ ಬೇರೆಯವರ ಕಾರ್ಡಿನ ಮೇಲೆ ಜಾಸ್ತಿ ಹೊತ್ತು ಓಡಿಸುವುದು ಸರಿಯಲ್ಲ, ಐದು ನಿಮಿಷ ಸಾಕು. ಓಡುವಾಗ ಫ್ಯಾನ್ ಹತ್ತಿರ ಕಿವಿ ಇಡಿ. ಕಟಕಟ ಅಂದರೆ ಬೇರಿಂಗ್ ಹೋಗಿದೆ. ಎಲ್ಲಾ ಪೋರ್ಟಿಗೂ ಒಮ್ಮೊಮ್ಮೆ ಕೇಬಲ್ ಚುಚ್ಚಿ ನೋಡಿ. ಪೋರ್ಟ್ ಒಂದೇ ಸತ್ತಿದ್ದರೆ ಮನೆಗೆ ಹೋದ ಮೇಲೇ ಗೊತ್ತಾಗುವುದು.

ಬಿಲ್ ಇದ್ದರೆ ಕೇಳಿ ಇಸಿದುಕೊಳ್ಳಿ. ಮೂರು ವರ್ಷ ದಾಟಿದ್ದರೆ ವಾರಂಟಿ ಮುಗಿದಿರುತ್ತದೆ, ಆದರೂ ಮುಂದೆ ನೀವು ಮಾರುವಾಗ ಬೆಲೆ ಬರುತ್ತದೆ.

ತುಂಗೆಯಾಚೆ, ತೀರ್ಥಹಳ್ಳಿ

ಹುಡುಗ ಒಪ್ಪಿದ್ದಾನೆ. ಭಾನುವಾರ ಬರುತ್ತೇನೆ. ನೀವು ಜೊತೆಗಿದ್ದರೆ ಧೈರ್ಯ.

ತುಂಗೆಯಾಚೆ, ತೀರ್ಥಹಳ್ಳಿ

ಹೋಗಿ ಬಂದೆ. ನಡೆದದ್ದನ್ನು ಪೂರ್ತಿ ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾಗುತ್ತದೆ.

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಮಂಡಗದ್ದೆ ದಾಟುವಾಗಲೂ ಮಂಜು ಬಿಟ್ಟಿರಲಿಲ್ಲ. ಸವಳಂಗ ರಸ್ತೆಯವರು ಬಸ್ ಸ್ಟ್ಯಾಂಡಿಗೇ ಬಂದಿದ್ದರು. ಕೈಯಲ್ಲಿ ಟಾರ್ಚ್, ಪೆನ್‌ಡ್ರೈವ್. ಪೆನ್‌ಡ್ರೈವಿನಲ್ಲಿ ಜಿಪಿಯು-ಝಡ್, ಹೆವನ್ ಎಲ್ಲಾ ಹಾಕಿಕೊಂಡೇ ಬಂದಿದ್ದರು.

ಹುಡುಗ ಒಳ್ಳೆಯವನು. ಕಾರ್ಡ್ ಅವನ ಪಿಸಿಯಲ್ಲೇ ಇತ್ತು. ಟಾರ್ಚ್ ಹಿಡಿದು ನೋಡಿದೆವು. ಧೂಳಿತ್ತು, ತುಕ್ಕು ಬೂಷ್ಟು ಏನೂ ಇಲ್ಲ. ಸ್ಕ್ರೂ ತಲೆ ಸವೆದಿರಲಿಲ್ಲ. ಜಿಪಿಯು-ಝಡ್ ತೆರೆದೆವು. ಶೇಡರ್ 1408. ಸೂಪರ್‌ನಲ್ಲಿ ಇರಬೇಕಾದ್ದೂ 1408. ನಾನು ಖುಷಿಯಾಗಿ ತಲೆಯಾಡಿಸಿದೆ. ಸವಳಂಗ ರಸ್ತೆಯವರು ಮಾತ್ರ ಸುಮ್ನೆ ಪರದೆ ನೋಡುತ್ತಾ ಕೂತಿದ್ದರು. ಆಮೇಲೆ ಮೆಮೊರಿಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಜಿಡಿಡಿಆರ್5 ಅಂತ ಇತ್ತು.

1660ಗೂ 1660 ಸೂಪರ್‌ಗೂ ಶೇಡರ್ ಸಂಖ್ಯೆ ಒಂದೇ. ವ್ಯತ್ಯಾಸ ಮೆಮೊರಿಯಲ್ಲಿ. ಸೂಪರ್‌ನಲ್ಲಿ ಜಿಡಿಡಿಆರ್6, ಸೆಕೆಂಡಿಗೆ 336 ಜಿಬಿ ಸಾಗಿಸುತ್ತದೆ. ಬರೀ 1660ಯಲ್ಲಿ 192 ಜಿಬಿ. ಇದು ಬರೀ 1660. ಹೆಸರಿನ ಸಾಲಿನಲ್ಲೂ ಸೂಪರ್ ಅಂತ ಇರಲಿಲ್ಲ. ನಾನು ಸಂಖ್ಯೆ ಮಾತ್ರ ನೋಡಿದ್ದೆ.

ಹುಡುಗನ ಮುಖ ಬಾಡಿತು. ಅವನೂ ಸೀನಿಯರ್ ಒಬ್ಬರಿಂದ ಸೂಪರ್ ಅಂತಲೇ ನಂಬಿ ತಗೊಂಡಿದ್ದನಂತೆ. ಪೆಟ್ಟಿಗೆ ಇರಲಿಲ್ಲ. ಮೇಲಿನ ಫ್ಯಾನ್, ಕವಚ ಎರಡಕ್ಕೂ ಒಂದೇ ತರ ಇರುವುದರಿಂದ ನೋಡಿದರೆ ಗೊತ್ತಾಗುವುದೂ ಇಲ್ಲ. ಅವನು ಕೊಟ್ಟಿದ್ದ ಬೆಲೆ ಕೇಳಿ ನನಗೆ ನಿಜವಾಗಿ ಬೇಸರವಾಯಿತು. ಬೈಯಲು ಬಾಯಿ ಬರಲಿಲ್ಲ.

ಆದರೂ ಅರ್ಧ ಗಂಟೆ ಓಡಿಸಿದೆವು. 74 ಡಿಗ್ರಿಗೆ ನಿಂತಿತು. ಚುಕ್ಕಿ ಗೆರೆ ಒಂದೂ ಬರಲಿಲ್ಲ. ಫ್ಯಾನ್ ಸದ್ದು ಸರಿ ಇತ್ತು. ಎಲ್ಲಾ ಪೋರ್ಟ್ ಸರಿ. ಹೊರಗೆ ಬಂದು ಚಹಾ ಕುಡಿಯುತ್ತಾ ಮಾತಾಡಿದೆವು. 1660 ಆದರೂ 580ಗಿಂತ ಸ್ವಲ್ಪ ಮೇಲೆ, ಕರೆಂಟ್ 120 ವ್ಯಾಟ್ ಅಷ್ಟೇ, ಡ್ರೈವರ್ ಬರುತ್ತಿದೆ, ಕಣ್ಣಾರೆ ಓಡಿದ್ದು ನೋಡಿದ್ದೇವೆ. ಒಳಗೆ ಹೋಗಿ 6,200 ಹೇಳಿದೆ. ಅವನು 6,500 ಅಂದ. 6,400ಕ್ಕೆ ಮುಗಿಯಿತು.

ಪವರ್ ಸಪ್ಲೈ ಬಿಲ್ ಸಮೇತ 3,100. ಒಟ್ಟು 9,500. ಬಸ್ ಚಾರ್ಜ್, ಊಟ ಎಲ್ಲಾ ಕಳೆದರೂ ಅಪ್ಪನ ದುಡ್ಡಿನಲ್ಲೇ ಆಯಿತು.

ಉಕ್ಕಿನೂರು, ಭದ್ರಾವತಿ

ಮನಸ್ಸಿನಲ್ಲಿದ್ದದ್ದು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನಾಗಿದ್ದರೆ ಪವರ್ ಸಪ್ಲೈ ಮಾತ್ರ ತಂದು ಕಾರ್ಡಿಗೆ ಕಾಯುತ್ತಿದ್ದೆ. 10400ರಲ್ಲಿ ಒಳಗೇ ಗ್ರಾಫಿಕ್ಸ್ ಇದೆ, ವ್ಯಾಲರಂಟ್ ಅದರಲ್ಲೂ ಹೇಗೋ ಓಡುತ್ತದೆ. 6600ಗೆ ಸೇರಿಸುತ್ತಿದ್ದೆ. ನಿಮ್ಮ 1660ರ ಆರು ಜಿಬಿ ಮೆಮೊರಿ ಇನ್ನೆರಡು ವರ್ಷಕ್ಕೆ ಸಾಲುವುದಿಲ್ಲ.

ತುಂಗೆಯಾಚೆ, ತೀರ್ಥಹಳ್ಳಿ

ನೀವು ಹೇಳುವುದು ಸರಿ ಇರಬಹುದು. ಆದರೆ ನನಗೆ ಮುಂದಿನ ದುಡ್ಡು ಯಾವಾಗ ಬರುತ್ತದೆ ಗೊತ್ತಿಲ್ಲ. ಕೊಳೆ ರೋಗ ಬಂದರೆ ಮುಂದಿನ ಸಲ ಅಪ್ಪನನ್ನು ಕೇಳುವುದು ಹೇಗೆ? ನಾನು ಆಡಬೇಕು ಅಂದುಕೊಂಡ ಆಟಗಳೆಲ್ಲಾ ಇದರಲ್ಲಿ ಓಡುತ್ತವೆ. ರೆಡ್ ಡೆಡ್ ನಿನ್ನೆ ರಾತ್ರಿ ಶುರು ಮಾಡಿದೆ. ಮೀಡಿಯಂನಲ್ಲಿ ಇಟ್ಟಿದ್ದೇನೆ, ಸಣ್ಣ ಚಿತ್ರವನ್ನು ಹಿಗ್ಗಿಸಿ ವೇಗ ಕೊಡುವ ಎಫ್‌ಎಸ್‌ಆರ್ ಹಾಕಿದ್ದೇನೆ, ನಯವಾಗಿ ಹೋಗುತ್ತಿದೆ. ಆ ಹಿಮದ ಬೆಟ್ಟ ನೋಡಿ ಅಮ್ಮನನ್ನು ಕರೆದು ತೋರಿಸಿದೆ.

ಒಂದು ಪ್ರಶ್ನೆ ಉಳಿದಿದೆ. ಮನೆಯಲ್ಲಿ 79 ಡಿಗ್ರಿ ಬರುತ್ತಿದೆ, ಶಿವಮೊಗ್ಗದಲ್ಲಿ 74 ಇತ್ತು. ಪೇಸ್ಟ್ ಬದಲಿಸಬೇಕಾ?

ಹಳೇ ಸ್ಕ್ರೂಡ್ರೈವರ್, ಸಾಗರ

ಈಗಲೇ ಬಿಚ್ಚಬೇಡಿ. 79 ಅಂದರೆ ಭಯ ಪಡುವ ಬಿಸಿಯಲ್ಲ. ಬಿಚ್ಚಿದರೆ ಪ್ಯಾಡ್ ಹರಿಯುತ್ತದೆ. ಪ್ಯಾಡ್ ಎಷ್ಟು ದಪ್ಪ ಅಂತ ಗೊತ್ತಿಲ್ಲದೆ ಬೇರೆ ಹಾಕಿದರೆ ಇನ್ನೂ ಕೆಡುತ್ತದೆ. 1 ಮಿಲಿಮೀಟರ್ ಇರುವಲ್ಲಿ ಒಂದೂವರೆ ಹಾಕಿದರೆ ಹೀಟ್‌ಸಿಂಕ್ ಚಿಪ್‌ಗೆ ಸರಿಯಾಗಿ ತಾಗುವುದಿಲ್ಲ.

ಅವನ ಕ್ಯಾಬಿನೆಟ್‌ಗೂ ನಿಮ್ಮದಕ್ಕೂ ಗಾಳಿಯ ವ್ಯತ್ಯಾಸ ಇರುತ್ತದೆ. ನಿಮ್ಮದರಲ್ಲಿ ಮುಂದೆ ಫ್ಯಾನ್ ಇದೆಯಾ?

ತುಂಗೆಯಾಚೆ, ತೀರ್ಥಹಳ್ಳಿ

ಇಲ್ಲ. ಹಿಂದೆ ಒಂದೇ. ಮುಂದಿನ ಜಾಲರಿಗೆ ಗೋಡೆ ತಾಗಿಸಿ ಇಟ್ಟಿದ್ದೆ ಬೇರೆ.

ಹಳೇ ಸ್ಕ್ರೂಡ್ರೈವರ್, ಸಾಗರ

ಮೊದಲು ಒಂದು ಗೇಣು ಈಚೆ ಎಳೆಯಿರಿ. ಉಳಿದ ದುಡ್ಡಿನಲ್ಲಿ ಒಂದು 120 ಎಂಎಂ ಫ್ಯಾನ್ ತಂದು ಮುಂದೆ ಹಾಕಿ, ಗಾಳಿ ಒಳಗೆ ಎಳೆಯುವ ಹಾಗೆ. ಜಾಲರಿಗೆ ತೆಳು ಸೊಳ್ಳೆ ಪರದೆ ಬಟ್ಟೆ ಕಟ್ಟಿದರೆ ಧೂಳೂ ನಿಲ್ಲುತ್ತದೆ, ಹಲ್ಲಿಯೂ ಬರುವುದಿಲ್ಲ. ಆಮೇಲೆ ಎಷ್ಟು ಬಂತು ಅಂತ ಹೇಳಿ.

ತುಂಗೆಯಾಚೆ, ತೀರ್ಥಹಳ್ಳಿ

ಫ್ಯಾನ್ ಹಾಕಿದೆ. 71ಕ್ಕೆ ಇಳಿಯಿತು. ಹೊರಗೆ ಗುಡುಗುತ್ತಿದೆ, ಲ್ಯಾನ್ ತಂತಿ ಕಿತ್ತು ಬಂದು ಫೋನಿನಲ್ಲಿ ಇದನ್ನು ಬರೆಯುತ್ತಿದ್ದೇನೆ.